ಹರಾಜಿನ ಬೆಲೆ ಮತ್ತು ಸಾಕಿದ ವೆಚ್ಚ: ಬೆಂಗಳೂರು ಕ್ರಿಕೆಟ್ ತಂಡದ ಹದಿನೆಂಟು ವರ್ಷಗಳ ಲೆಕ್ಕ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅನುಭವಿ ರೀಲರ್ ಗೂಡಿನ ಹೊಳಪಿಗೆ ಮರುಳಾಗುವುದಿಲ್ಲ. ಒಂದು ಹಿಡಿ ಗೂಡು ಕೈಗೆತ್ತಿಕೊಂಡು ಅದುಮಿ ನೋಡಿ, ರೆಂಡಿಟ್ಟ ಎಷ್ಟು ಬಂದೀತೆಂದು ಮನಸ್ಸಿನಲ್ಲಿಯೇ ಅಂದಾಜು ಮಾಡಿ, ಅನಂತರವಷ್ಟೇ ಬೆಲೆ ಕೂಗುತ್ತಾನೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬುದೇ ರೆಂಡಿಟ್ಟ. ಉದಾಹರಣೆಗೆ, ಕಿಲೋಗೆ 500 ರೂಪಾಯಿಯ ಗೂಡು ಆರೂವರೆ ರೆಂಡಿಟ್ಟ ಕೊಟ್ಟರೆ ಒಂದು ಕಿಲೋ ನೂಲಿಗೆ ಗೂಡಿನ ವೆಚ್ಚ 3,250 ರೂಪಾಯಿ. 450 ರೂಪಾಯಿಯ ಗೂಡು ಎಂಟು ರೆಂಡಿಟ್ಟಕ್ಕೆ ನಿಂತರೆ 3,600 ರೂಪಾಯಿ. ಅಗ್ಗವೆಂದು ಕೊಂಡ ಗೂಡೇ ದುಬಾರಿಯಾಯಿತು.

ಇದೇ ಬಗೆಯ ಇನ್ನೊಂದು ಹರಾಜು 2008ರಿಂದ ದೇಶದ ಗಮನ ಸೆಳೆಯುತ್ತಿದೆ. ಅಲ್ಲಿ ಗೂಡಿನ ಬದಲು ಕ್ರಿಕೆಟ್ ಆಟಗಾರರ ಬೆಲೆಯನ್ನು ಕೂಗಲಾಗುತ್ತದೆ. ಇಂಡಿಯನ್ ಪ್ರೀಮಿಯರ್ ಲೀಗ್‌ನ ಬೆಂಗಳೂರು ತಂಡ ಮೊದಲ ಪ್ರಶಸ್ತಿ ಗೆಲ್ಲಲು ಹದಿನೆಂಟು ವರ್ಷಗಳನ್ನು ತೆಗೆದುಕೊಂಡಿತು. ಈ ಅವಧಿಯಲ್ಲಿ ಆ ತಂಡ ಯಾರಿಗೆ ಎಷ್ಟು ಕೊಟ್ಟಿತು, ಯಾರನ್ನು ಬೆಳೆಸಿತು, ಬೆಳೆದವರನ್ನು ಹೇಗೆ ಬಿಟ್ಟಿತು ಎಂಬ ವಿವರಗಳು ಕೆಲಸಗಾರರ ಕೊರತೆಯಿಂದ ಬಳಲುತ್ತಿರುವ ಈ ಭಾಗದ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾಗಿವೆ.

ಎಲ್ಲರಿಗೂ ಒಂದೇ ಥೈಲಿ

2008ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ 11.16 ಕೋಟಿ ಡಾಲರ್ ತೆತ್ತು ಬೆಂಗಳೂರು ತಂಡವನ್ನು ಪಡೆಯಿತು. ಎಂಟು ತಂಡಗಳ ಪೈಕಿ ಅದಕ್ಕಿಂತ ಹೆಚ್ಚಿನ ಬೆಲೆಗೆ ಹೋದದ್ದು ಮುಂಬೈ ಮಾತ್ರ. ಆದರೆ ಆಟಗಾರರ ಮೇಲಿನ ವೆಚ್ಚಕ್ಕೆ ಮೊದಲ ದಿನದಿಂದಲೇ ಮಿತಿಯಿತ್ತು. ಆಗ ಪ್ರತಿ ತಂಡಕ್ಕೆ 50 ಲಕ್ಷ ಡಾಲರ್. 2014ಕ್ಕೆ 60 ಕೋಟಿ ರೂಪಾಯಿ, 2018ಕ್ಕೆ 80 ಕೋಟಿ, 2022ಕ್ಕೆ 90 ಕೋಟಿ, 2025ಕ್ಕೆ 120 ಕೋಟಿ. ಮಾಲೀಕ ಎಷ್ಟೇ ಧನಿಕನಾಗಿದ್ದರೂ ಥೈಲಿ ಮಾತ್ರ ಎಲ್ಲರಿಗೂ ಸಮಾನ. ಆದುದರಿಂದ ಒಬ್ಬನಿಗೆ ಹೆಚ್ಚು ಕೊಟ್ಟ ಪ್ರತಿ ರೂಪಾಯಿಯೂ ಉಳಿದವರ ಪಾಲಿನಿಂದಲೇ ಹೋಗಬೇಕು. ಮಿತ ಬಂಡವಾಳದ ವರ್ತಕನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಬೆಂಗಳೂರು ತಂಡ ಬಹುಕಾಲ ಈ ಥೈಲಿಯನ್ನು ಕೆಲವೇ ದೊಡ್ಡ ಹೆಸರುಗಳ ಮೇಲೆ ಸುರಿಯಿತು. 2009ರಲ್ಲಿ ಕೆವಿನ್ ಪೀಟರ್ಸನ್ ಅವರನ್ನು 15.5 ಲಕ್ಷ ಡಾಲರ್‌ಗೆ ಕೊಂಡು ನಾಯಕತ್ವ ಕೊಡಲಾಯಿತು. ಕೆಲವೇ ಪಂದ್ಯಗಳ ನಂತರ ಅವರು ಇಂಗ್ಲೆಂಡ್ ತಂಡದ ಕರ್ತವ್ಯಕ್ಕೆ ಮರಳಿದರು. ಆ ವರ್ಷ ತಂಡವನ್ನು ಫೈನಲ್‌ಗೆ ಕೊಂಡೊಯ್ದವರು ಬೆಂಗಳೂರಿನವರೇ ಆದ ಅನಿಲ್ ಕುಂಬ್ಳೆ. 2014ರಲ್ಲಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ. ತಂಡ ಏಳನೆಯ ಸ್ಥಾನಕ್ಕೆ ನಿಂತಿತು, ಮರುವರ್ಷ ಅವರನ್ನು ಬಿಡಲಾಯಿತು. 2021ರಲ್ಲಿ ನ್ಯೂಜಿಲೆಂಡ್‌ನ ಕೈಲ್ ಜೇಮೀಸನ್ ಅವರಿಗೆ 15 ಕೋಟಿ. ಅವರು ಒಂಬತ್ತು ಪಂದ್ಯಗಳಲ್ಲಿ ಒಂಬತ್ತು ವಿಕೆಟ್ ಪಡೆದು, ಆ ಋತುವಿನೊಂದಿಗೇ ಹೊರಹೋದರು.

ಹರಾಜಿನಲ್ಲಿ ಗೆಲ್ಲುವವನು ಯಾರು? ಆ ಸರಕಿಗೆ ಉಳಿದೆಲ್ಲರಿಗಿಂತ ಹೆಚ್ಚಿನ ಬೆಲೆ ಕಟ್ಟಿದವನು. ಹತ್ತು ಮಂದಿಯ ಅಂದಾಜುಗಳಲ್ಲಿ ಅತಿ ಎತ್ತರದ್ದು ವಾಸ್ತವಕ್ಕಿಂತಲೂ ಎತ್ತರದ್ದಾಗಿರುವ ಸಂಭವವೇ ಹೆಚ್ಚು. ಗೂಡಿನ ಮಾರುಕಟ್ಟೆಯಲ್ಲಿ ಹಟಕ್ಕೆ ಬಿದ್ದು ಕೂಗಿದವನು ಸಂಜೆ ನೂಲು ತೂಗುವಾಗ ಇದನ್ನು ಅರಿಯುತ್ತಾನೆ. ಕ್ರಿಕೆಟ್ ತಂಡಕ್ಕೆ ಅರಿವಾಗಲು ಎರಡು ತಿಂಗಳು ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಆಟಗಾರರ ರೆಂಡಿಟ್ಟ

ರೀಲರನ ಅಳತೆಗೋಲನ್ನೇ ಇಲ್ಲಿಗೂ ಹಚ್ಚಿ ನೋಡಬಹುದು. 2014ರಲ್ಲಿ ಯುವರಾಜ್ ಗಳಿಸಿದ್ದು 376 ರನ್; ಹರಾಜಿನ ಮೊತ್ತದ ಲೆಕ್ಕದಲ್ಲಿ ಒಂದು ರನ್‌ಗೆ ಸುಮಾರು 3.72 ಲಕ್ಷ ರೂಪಾಯಿ. 2020ರಲ್ಲಿ ದೇವದತ್ತ ಪಡಿಕ್ಕಲ್ 20 ಲಕ್ಷದ ಆಟಗಾರ. ಗಳಿಸಿದ್ದು 473 ರನ್, ಒಂದಕ್ಕೆ ಸುಮಾರು 4,200 ರೂಪಾಯಿ. ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಬಿಕರಿಯಾಗದೆ ಉಳಿದವರು. ಗಾಯಗೊಂಡವರೊಬ್ಬರ ಬದಲಿಗೆ 20 ಲಕ್ಷಕ್ಕೆ ತಂಡ ಸೇರಿ 333 ರನ್ ಗಳಿಸಿದರು. ಒಂದಕ್ಕೆ ಸುಮಾರು 6,000 ರೂಪಾಯಿ. ಅದರಲ್ಲಿ ಲಖನೌ ವಿರುದ್ಧದ ಎಲಿಮಿನೇಟರ್ ಪಂದ್ಯದ ಅಜೇಯ 112 ಸೇರಿದೆ.

ರನ್ ಒಂದೇ ಅಳತೆಯಲ್ಲ ಎಂಬುದು ನಿಜ. ಹೆಸರಾಂತ ಆಟಗಾರನಿಂದ ಟಿಕೆಟ್ ಮಾರಾಟವಾಗುತ್ತದೆ, ಜಾಹೀರಾತು ಬರುತ್ತದೆ. ಗಿರಾಕಿಯನ್ನು ಅಂಗಡಿಯೊಳಗೆ ಕರೆತರುವ ಫಲಕಕ್ಕೂ ಬೆಲೆಯುಂಟು. ಆದರೂ ಒಂದು ಸಂಗತಿ ಗಮನಾರ್ಹ. ಈ ತಂಡಕ್ಕೆ ಅತ್ಯಂತ ಲಾಭ ತಂದವರಲ್ಲಿ ಹಲವರು ಪೈಪೋಟಿಯ ಹರಾಜಿನಲ್ಲಿ ಬಂದವರೇ ಅಲ್ಲ. 2011ರಲ್ಲಿ ಯಾರಿಗೂ ಬೇಡವಾಗಿದ್ದ ಕ್ರಿಸ್ ಗೇಲ್ ಬದಲಿ ಆಟಗಾರನಾಗಿ ಬಂದು 608 ರನ್ ಗಳಿಸಿ ತಂಡವನ್ನು ಫೈನಲ್‌ಗೆ ತಲುಪಿಸಿದರು. ವಿರಾಟ್ ಕೊಹ್ಲಿ ಬಂದದ್ದು 2008ರಲ್ಲಿ, ಹತ್ತೊಂಬತ್ತು ವರ್ಷದೊಳಗಿನವರ ಪ್ರತ್ಯೇಕ ಆಯ್ಕೆಯ ಮೂಲಕ, ಕೇವಲ 30,000 ಡಾಲರ್‌ಗೆ. ದೆಹಲಿ ತಂಡ ತನ್ನೂರಿನ ಆ ಹುಡುಗನನ್ನು ಬಿಟ್ಟು ಬೇರೊಬ್ಬ ವೇಗಿಯನ್ನು ಆರಿಸಿಕೊಂಡಿತ್ತು. ಹದಿನೇಳು ವರ್ಷಗಳ ನಂತರ, 2025ರ ಋತುವಿಗೆ, ಕೊಹ್ಲಿಯವರನ್ನು ಉಳಿಸಿಕೊಳ್ಳಲು ಬೆಂಗಳೂರು ತಂಡ ಕೊಟ್ಟದ್ದು 21 ಕೋಟಿ ರೂಪಾಯಿ. ಬೆಳೆದವನಿಗೆ ಬೆಳೆದ ಬೆಲೆಯನ್ನೇ ಕೊಡಬೇಕಾಗುತ್ತದೆ. ಸಾಕಿದ ಕೆಲಸಗಾರ ಎಂದೆಂದಿಗೂ ಅಗ್ಗವಾಗಿಯೇ ಇರುತ್ತಾನೆಂದು ಲೆಕ್ಕ ಹಾಕುವುದು ಸರಿಯಲ್ಲ.

ಕೈಬಿಟ್ಟವರ ಪಟ್ಟಿಯೂ ಸಣ್ಣದಲ್ಲ. ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಮನೀಷ್ ಪಾಂಡೆ. 2009ರಲ್ಲಿ ಅವರು ಅದನ್ನು ಹೊಡೆದದ್ದು ಬೆಂಗಳೂರಿನ ಪರವಾಗಿ. ಎರಡು ವರ್ಷಗಳ ನಂತರ ಅವರು ಪುಣೆ ತಂಡದಲ್ಲಿದ್ದರು. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2016ರಲ್ಲಿ ಬೆಂಗಳೂರಿಗೆ 397 ರನ್ ಗಳಿಸಿದರು. ಮರುವರ್ಷ ಗಾಯದಿಂದ ಆಡಲಿಲ್ಲ. 2018ಕ್ಕೆ ತಂಡ ಉಳಿಸಿಕೊಂಡದ್ದು ಕೊಹ್ಲಿ, ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್ ಅವರನ್ನು. ರಾಹುಲ್ 11 ಕೋಟಿಗೆ ಪಂಜಾಬ್ ಸೇರಿ ಆ ವರ್ಷವೇ 659 ರನ್ ಹೊಡೆದರು. 2017ರಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಬೆಂಗಳೂರು 2019ರಲ್ಲಿಯೂ ಅಲ್ಲಿಗೇ ಇಳಿಯಿತು.

ಸಾಕಿದವರಿಗೆ ಸಿಕ್ಕಿದ್ದೇನು?

ಇಲ್ಲಿ ಒಂದು ಸೂಕ್ಷ್ಮವನ್ನು ಗ್ರಹಿಸಬೇಕು. ರಾಹುಲ್ ಅಥವಾ ಪಡಿಕ್ಕಲ್ ಅವರನ್ನು ಬೆಂಗಳೂರು ಫ್ರಾಂಚೈಸಿ ಬಾಲ್ಯದಿಂದ ಸಾಕಿರಲಿಲ್ಲ. ಆ ಕೆಲಸ ಮಾಡಿದ್ದು ತಂದೆತಾಯಿಗಳು, ಕ್ಲಬ್ಬುಗಳು, ಶಾಲೆಗಳು ಮತ್ತು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಿರಿಯರ ತಂಡಗಳು. ಹರಾಜಿನಲ್ಲಿ ಕೂಗಿದ ಮೊತ್ತ ಆಟಗಾರನ ಸಂಬಳ. ಅದರಲ್ಲಿ ಅವನಿಗೆ ಬ್ಯಾಟು ಹಿಡಿಯಲು ಕಲಿಸಿದ ಕ್ಲಬ್ಬಿಗೆ ಪಾಲಿಲ್ಲ. ಫುಟ್ಬಾಲ್‌ನಲ್ಲಿ ಹಾಗಲ್ಲ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಫಾದ ನಿಯಮದಂತೆ, ಒಪ್ಪಂದದ ಅವಧಿಯಲ್ಲಿ ಆಟಗಾರ ದೇಶದಿಂದ ದೇಶಕ್ಕೆ ಮಾರಾಟವಾದಾಗ ವರ್ಗಾವಣೆ ಹಣದ ಶೇ. 5ರಷ್ಟನ್ನು, ಹನ್ನೆರಡರಿಂದ ಇಪ್ಪತ್ತಮೂರು ವಯಸ್ಸಿನವರೆಗೆ ಅವನನ್ನು ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು.

ಅಮೆರಿಕದ ಬೇಸ್‌ಬಾಲ್ ಈ ಪ್ರಶ್ನೆಯನ್ನು ಎದುರಿಸಿ ನೂರು ವರ್ಷಗಳಾದುವು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಹಣದಲ್ಲಿ ಬಡ ತಂಡ. ಸಣ್ಣ ಊರಿನ ಕ್ಲಬ್ಬುಗಳಲ್ಲಿ ಒಳ್ಳೆಯ ಹುಡುಗನನ್ನು ಗುರುತಿಸಿದೊಡನೆ ಶ್ರೀಮಂತ ತಂಡಗಳು ಹೆಚ್ಚು ಬೆಲೆ ಕೊಟ್ಟು ಅವನನ್ನು ಒಯ್ಯುತ್ತಿದ್ದುವು. ಬೇಸತ್ತ ಬ್ರಾಂಚ್ ರಿಕಿ ಎಂಬ ವ್ಯವಸ್ಥಾಪಕರು 1920ರ ದಶಕದಲ್ಲಿ ಆ ಸಣ್ಣ ಕ್ಲಬ್ಬುಗಳನ್ನೇ ಕೊಳ್ಳತೊಡಗಿ, ಹುಡುಗರನ್ನು ಹಂತ ಹಂತವಾಗಿ ಬೆಳೆಸುವ ಏರ್ಪಾಡು ಮಾಡಿದರು. 1926ರಲ್ಲಿ ಆ ತಂಡ ಮೊದಲ ಬಾರಿಗೆ ವಿಶ್ವ ಸರಣಿಯನ್ನು ಗೆದ್ದಿತು.

2002ರ ಓಕ್ಲೆಂಡ್ ತಂಡದ ಕಥೆ ಪುಸ್ತಕವಾಗಿ, ಚಲನಚಿತ್ರವಾಗಿ ಪ್ರಸಿದ್ಧ. ಸುಮಾರು 4 ಕೋಟಿ ಡಾಲರ್ ಸಂಬಳದ ಆ ತಂಡವೂ ಸುಮಾರು 12.5 ಕೋಟಿ ಡಾಲರ್ ಸಂಬಳದ ನ್ಯೂಯಾರ್ಕ್ ಯಾಂಕೀಸ್ ತಂಡವೂ ಆ ವರ್ಷ ತಲಾ 103 ಪಂದ್ಯ ಗೆದ್ದುವು. ಅಂಕಿಅಂಶ ನೋಡಿ ಅಗ್ಗದ ಆಟಗಾರರನ್ನು ಹೆಕ್ಕಿದ್ದರಿಂದ ಇದು ಸಾಧ್ಯವಾಯಿತೆಂದು ಹೇಳುವ ವಾಡಿಕೆ. ಅದು ಅರ್ಧ ಸತ್ಯ. ಆ ವರ್ಷ ಲೀಗಿನ ಶ್ರೇಷ್ಠ ಆಟಗಾರನೆನಿಸಿದ ಮಿಗೆಲ್ ತೆಹಾದಾ, ಶ್ರೇಷ್ಠ ಪಿಚರ್ ಎನಿಸಿದ ಬ್ಯಾರಿ ಜಿಟೊ ಇಬ್ಬರೂ ಓಕ್ಲೆಂಡ್ ತಾನೇ ಬೆಳೆಸಿದ ಹುಡುಗರು. ಬೆಳೆದ ಮೇಲೆ ತೆಹಾದಾ 2003ರ ಋತುವಿನ ನಂತರ ಬಾಲ್ಟಿಮೋರ್ ತಂಡಕ್ಕೆ ಹೋದರು. ಅಷ್ಟು ಸಂಬಳ ಕೊಡುವ ಶಕ್ತಿ ಓಕ್ಲೆಂಡ್‌ಗೆ ಇರಲಿಲ್ಲ. ಆದರೆ ಹೋಗುವ ಮೊದಲಿನ ವರ್ಷಗಳ ಆಟ ಓಕ್ಲೆಂಡ್‌ನ ಖಾತೆಗೇ ಸೇರಿತು.

ಲೆಕ್ಕದ ಪುಸ್ತಕದಲ್ಲಿ ಕಾಣದ ಆಸ್ತಿ

ಸಾಕುವುದಕ್ಕಿಂತ ಕೊಳ್ಳುವುದರತ್ತ ಮಾಲೀಕರ ಮನಸ್ಸು ವಾಲಲು ಲೆಕ್ಕಪತ್ರದ ಪದ್ಧತಿಯೂ ಒಂದು ಕಾರಣ. ಫುಟ್ಬಾಲ್ ಕ್ಲಬ್ಬು ಹಣ ಕೊಟ್ಟು ಆಟಗಾರನನ್ನು ತಂದರೆ ಆ ವರ್ಗಾವಣೆ ಮೊತ್ತವನ್ನು ಆಸ್ತಿಯೆಂದು ತೋರಿಸಿ, ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತದೆ. ತಾನೇ ಬೆಳೆಸಿದ ಹುಡುಗನ ತರಬೇತಿ ವೆಚ್ಚವಾದರೋ ಆಯಾ ವರ್ಷದ ಲಾಭವನ್ನು ತಿಂದು ಮರೆಯಾಗುತ್ತದೆ. ಭಾರತದ ಲೆಕ್ಕಪತ್ರ ಮಾನಕ 26ರ ನಿಲುವೂ ಇದೇ: ತರಬೇತಿಯ ವೆಚ್ಚ ಆಸ್ತಿಯಲ್ಲ. ಚನ್ನಪಟ್ಟಣದ ಬೊಂಬೆ ತಯಾರಕರು ಹೊಸ ಲೇತ್ ಕೊಂಡರೆ ಅದು ಆಸ್ತಿ ತಃಖ್ತೆಯಲ್ಲಿ ಕುಳಿತು ಬ್ಯಾಂಕಿನ ಸಾಲಕ್ಕೂ ಆಧಾರವಾಗುತ್ತದೆ. ಹಾಲೆ ಮರವನ್ನು ಹದವಾಗಿ ಕಡೆಯುವುದನ್ನೂ, ತಿರುಗುತ್ತಿರುವ ಬೊಂಬೆಗೆ ಅರಗಿನ ಬಣ್ಣ ಸಮನಾಗಿ ಕೂರಿಸುವುದನ್ನೂ ಒಬ್ಬ ಹುಡುಗನಿಗೆ ಕಲಿಸಲು ಮಾಡಿದ ಖರ್ಚು ಎಲ್ಲಿಯೂ ಕಾಣದು. ಆದರೆ ಆ ಹುಡುಗನಿಲ್ಲದೆ ಲೇತ್ ತಿರುಗುವುದಿಲ್ಲ.

ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಸಣ್ಣ ಘಟಕಗಳಿಂದ ಕೇಳಿಬರುವ ದೂರು ಒಂದೇ: ಕಲಿಸಿದವರು ನಿಲ್ಲುವುದಿಲ್ಲ, ಆದುದರಿಂದ ಕಲಿಸಿ ಪ್ರಯೋಜನವಿಲ್ಲ. ಈ ಮಾತನ್ನು ಲೆಕ್ಕಕ್ಕೆ ಇಳಿಸಿ ನೋಡಬಹುದು. ಕೆಳಗಿನ ಅಂಕಿಗಳು ಕೇವಲ ಮಾದರಿ. ಪ್ರತಿಯೊಬ್ಬರೂ ತಮ್ಮ ಘಟಕದ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

ಆರು ಮಂದಿ ಬೇಕಾದ ಘಟಕದಲ್ಲಿ ಐವರಿದ್ದಾರೆ. ನುರಿತವನ ಸಂಬಳ ತಿಂಗಳಿಗೆ 16,000. ಹೊಸ ಹುಡುಗನಿಗೆ 10,000 ಕೊಟ್ಟರೆ ಮೊದಲ ವರ್ಷ ಅವನಿಂದ ಅರ್ಧ ಕೆಲಸ, ಅಂದರೆ 8,000ದ ಕೆಲಸ ದೊರೆಯುತ್ತದೆ. ಕೊರತೆ 2,000, ಹಾಳಾದ ಮಾಲು ಮತ್ತು ಕಲಿಸುವವರ ಸಮಯಕ್ಕೆ ಇನ್ನು 3,000. ವರ್ಷಕ್ಕೆ 60,000 ರೂಪಾಯಿ. ಬದಲಿಗೆ ಇನ್ನೊಂದು ಘಟಕದಿಂದ ನುರಿತವನನ್ನು 19,000 ಕೊಟ್ಟು ಎಳೆದು ತಂದರೆ ತಿಂಗಳಿಗೆ 3,000 ಮಾತ್ರ ಹೆಚ್ಚೆಂದು ತೋರುತ್ತದೆ. ಆದರೆ ಆ ಸುದ್ದಿ ಮರುದಿನವೇ ಉಳಿದ ಐವರಿಗೆ ತಿಳಿಯುತ್ತದೆ. ಅವರಿಗೆ ತಲಾ 1,000 ಏರಿಸಬೇಕಾಗಿ ಬಂದರೂ ಒಟ್ಟು ಹೊರೆ ತಿಂಗಳಿಗೆ 8,000, ವರ್ಷಕ್ಕೆ 96,000. ಅದೂ ಪ್ರತಿ ವರ್ಷ. ಕಲಿತ ಹುಡುಗ 16,000ಕ್ಕೆ ಏಳೂವರೆ ತಿಂಗಳು ನಿಂತರೆ ಕಲಿಸಿದ ಖರ್ಚು ತೀರಿತು. ಮುಂದಿನ ತಿಂಗಳೇ ಸರಕು ಕೊಡಬೇಕಾದ ಆರ್ಡರ್ ಕೈಯಲ್ಲಿದ್ದರೆ ಈ ಲೆಕ್ಕ ನಡೆಯದು, ಕೊಳ್ಳಲೇಬೇಕು. ಆದರೆ ಪ್ರತಿ ತಿಂಗಳೂ ಅಂಥ ತುರ್ತು ಇರುವುದಿಲ್ಲ.

ಕಲಿತವನನ್ನು ಕಟ್ಟಿಹಾಕುವ ಕರಾರುಗಳ ಬಗೆಗೆ ತಪ್ಪು ತಿಳಿವಳಿಕೆಗಳಿವೆ. ಕೆಲಸ ಬಿಟ್ಟ ಮೇಲೆ ಇಂಥ ಕಡೆ ದುಡಿಯಕೂಡದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನನ್ವಯ ಅಸಿಂಧು. ಆದರೆ ಸೇವೆಯಲ್ಲಿರುವ ಅವಧಿಯ ಬಗೆಗಿನ ನ್ಯಾಯಯುತ ಷರತ್ತು ಬೇರೆ. ಮೂರು ವರ್ಷ ಪೂರೈಸದೆ ಹೋದರೆ 2 ಲಕ್ಷ ರೂಪಾಯಿ ತೆರಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ವೆಚ್ಚವನ್ನು ನೋಡಿ ಕೊಟ್ಟ ತೀರ್ಪು ಅದು. ಐದಾರು ಮಂದಿಯ ಘಟಕ ಮನಬಂದ ಮೊತ್ತವನ್ನು ಬರೆಸಿಕೊಳ್ಳಲು ಅದು ಪರವಾನಗಿಯಲ್ಲ.

ಕಲಿಸುವ ಹೊರೆಯನ್ನು ಒಬ್ಬರೇ ಹೊರಬೇಕಾಗಿಯೂ ಇಲ್ಲ. ಟೊಯೊಟಾ ಕಿರ್ಲೋಸ್ಕರ್ 2007ರಲ್ಲಿ ಬಿಡದಿಯಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯನ್ನು ತೆರೆದು, ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳಿಗೆ ಮೂರು ವರ್ಷಗಳ ವಸತಿ ಶಿಕ್ಷಣವನ್ನು ಆರಂಭಿಸಿತು. ಅದು ದೊಡ್ಡವರಿಗೆ ಸಾಧ್ಯ. ಸಣ್ಣವರಿಗೆ ಹೊಂದುವ ಮಾದರಿ ಕನಕಪುರ, ಮಾಗಡಿ ತಾಲ್ಲೂಕುಗಳ ರೈತರಿಗೆ ಪರಿಚಿತವಾದ ಚಾಕಿ ಕೇಂದ್ರ. ಮೊಟ್ಟೆಯೊಡೆದ ಹುಳುವಿಗೆ ಎಳೆಯ ಸೊಪ್ಪು, ಹದವಾದ ಶಾಖ ಮತ್ತು ತೇವ ಬೇಕು; ಪ್ರತಿ ರೈತನೂ ತನ್ನ ಮನೆಯಲ್ಲಿ ಅದನ್ನು ಒದಗಿಸಲಾರ. ಆದುದರಿಂದ ಒಂದು ಕೇಂದ್ರ ಎಲ್ಲರ ಪರವಾಗಿ ಎರಡನೇ ಜ್ವರದವರೆಗೆ ಹುಳುವನ್ನು ಸಾಕಿ ಕೊಡುತ್ತದೆ, ರೈತರು ಮೊಟ್ಟೆಯ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಹತ್ತು ಘಟಕಗಳು ಸೇರಿ ಒಬ್ಬ ಹಿರಿಯ ಕುಶಲಕರ್ಮಿಗೆ ಸಂಬಳ ಕೊಟ್ಟು ಹುಡುಗರನ್ನು ಮೊದಲ ಆರು ತಿಂಗಳು ಒಂದೆಡೆ ಕಲಿಸಿದರೆ, ಒಬ್ಬ ಹುಡುಗ ಪಕ್ಕದ ಘಟಕಕ್ಕೆ ಹೋದರೂ ಕಲಿಸಿದ ಹಣ ಪೂರ್ತಿ ಹೋದಂತಾಗುವುದಿಲ್ಲ.

ಸರ್ಕಾರದ ನೆರವನ್ನೂ ಅನೇಕರು ಬಳಸಿಕೊಳ್ಳುತ್ತಿಲ್ಲ. ಅಪ್ರೆಂಟಿಸ್ ಕಾಯ್ದೆಯ 2019ರ ನಿಯಮ ತಿದ್ದುಪಡಿಯಂತೆ ಮೂವತ್ತು ಮತ್ತು ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ ಅಪ್ರೆಂಟಿಸರ ನೇಮಕ ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತರವರೆಗಿನವರಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಹೆಚ್ಚುವರಿ ಕಾಯಂ ನೌಕರರ ವೇತನದ ಶೇ. 30ರಷ್ಟನ್ನು ಮೂರು ವರ್ಷ ಆದಾಯದಿಂದ ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 80ಜೆಜೆಎಎ ಕಲಂ ಅವಕಾಶ ಕೊಟ್ಟಿತ್ತು. 2025ರ ಹೊಸ ಕಾಯ್ದೆಯಲ್ಲಿಯೂ ಈ ರಿಯಾಯಿತಿ ಉಳಿದಿದೆ. ತೆರಿಗೆ ಲೆಕ್ಕಪರಿಶೋಧನೆಗೆ ಒಳಪಟ್ಟ ವ್ಯವಹಾರವಾಗಿರಬೇಕು, ನೌಕರನ ವೇತನ ತಿಂಗಳಿಗೆ 25,000 ಮೀರಿರಬಾರದು, ಭವಿಷ್ಯ ನಿಧಿಯಲ್ಲಿ ಹೆಸರಿರಬೇಕು. ಹಾಜರಿ ಪುಸ್ತಕವಿಲ್ಲದೆ ಕೈಯಲ್ಲಿ ಬಟವಾಡೆ ಮಾಡುವವರಿಗೆ ಇದು ದಕ್ಕದು.

2025ರ ಥೈಲಿ

ಬೆಂಗಳೂರು ತಂಡ ಕೊನೆಗೂ ಹೇಗೆ ಗೆದ್ದಿತು? 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಹರಾಜು ನಡೆದಾಗ, ಕೊಹ್ಲಿ, ಪಾಟೀದಾರ್ ಮತ್ತು ಯಶ್ ದಯಾಳ್ ಅವರಿಗೆ 37 ಕೋಟಿ ತೆಗೆದಿಟ್ಟು 83 ಕೋಟಿಯೊಂದಿಗೆ ತಂಡ ಕುಳಿತಿತ್ತು. ಲಖನೌ ತಂಡ ರಿಷಭ್ ಪಂತ್ ಅವರಿಗೆ 27 ಕೋಟಿ, ಪಂಜಾಬ್ ತಂಡ ಶ್ರೇಯಸ್ ಅಯ್ಯರ್ ಅವರಿಗೆ 26.75 ಕೋಟಿ ಕೂಗಿದ ಆ ಸಭೆಯಲ್ಲಿ ಬೆಂಗಳೂರು ಯಾರಿಗೂ 12.5 ಕೋಟಿ ದಾಟಲಿಲ್ಲ. ಆ ಮೊತ್ತ ಪಡೆದ ಜೋಶ್ ಹೇಜಲ್‌ವುಡ್ 22 ವಿಕೆಟ್ ತೆಗೆದರು. ಹಿಂದೆ 20 ಲಕ್ಷಕ್ಕೆ ಬಂದಿದ್ದ ಪಾಟೀದಾರ್ ನಾಯಕರಾದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿದ ಆ ಪಂದ್ಯದ ಶ್ರೇಷ್ಠ ಆಟಗಾರ ಕೃಣಾಲ್ ಪಾಂಡ್ಯ. 5.75 ಕೋಟಿಗೆ ಕೊಂಡ ಈ ಆಟಗಾರ ಐಪಿಎಲ್‌ನಲ್ಲಿ ಪಳಗಿದ್ದು ಮುಂಬೈ ತಂಡದಲ್ಲಿ. ಅಂದರೆ ಈ ಗೆಲುವು ತಾನೇ ಸಾಕಿದ ಆಟಗಾರರಿಂದಷ್ಟೇ ಬಂದದ್ದಲ್ಲ. ಒಬ್ಬನ ಮೇಲೆಯೇ ಥೈಲಿ ಬರಿದು ಮಾಡದೆ ಹದವರಿತು ಕೊಂಡದ್ದರ ಪಾಲೂ ಅದರಲ್ಲಿ ದೊಡ್ಡದು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಅಸುನೀಗಿದರು. ಯಾವ ಲೆಕ್ಕದ ಪುಸ್ತಕಕ್ಕೂ ಸೇರದ ನಷ್ಟ ಅದು.

2022ರಲ್ಲಿ 7.75 ಕೋಟಿಗೆ ರಾಜಸ್ಥಾನಕ್ಕೆ ಹೋಗಿದ್ದ ದೇವದತ್ತ ಪಡಿಕ್ಕಲ್ ಜೆಡ್ಡಾದ ಹರಾಜಿನಲ್ಲಿ 2 ಕೋಟಿಗೆ ಬೆಂಗಳೂರಿಗೆ ಮರಳಿದ್ದರು. ಹತ್ತು ಪಂದ್ಯಗಳಲ್ಲಿ 247 ರನ್ ಗಳಿಸಿದ ಮೇಲೆ ಗಾಯದಿಂದ ಹೊರಗುಳಿಯಬೇಕಾಯಿತು. ಅವರ ಸ್ಥಾನಕ್ಕೆ ಕರೆಬಂದದ್ದು ಮಯಾಂಕ್ ಅಗರವಾಲ್ ಅವರಿಗೆ. 2011ರಿಂದ ಮೂರು ಋತು ಇದೇ ತಂಡದಲ್ಲಿ ಆಡಿ ಬಿಟ್ಟುಹೋಗಿದ್ದ ಮಯಾಂಕ್, ಫೈನಲ್ ಪಂದ್ಯದಲ್ಲಿ ಕೊಹ್ಲಿಯವರ ಜೊತೆ ಬ್ಯಾಟು ಮಾಡಿದರು.